ಯಾನಮೂಷಕಮೀಮಾಂಸೆ

ಶಾಸ್ತ್ರಾರಂಭದಲ್ಲಿ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ಅನುಬಂಧಚತುಷ್ಟಯವನ್ನು ನಿರೂಪಿಸುವುದು ಶಿಷ್ಟಾಚಾರ. ಇಲ್ಲಿ ವಿಷಯ, ನಿಂತ ಕಾರನ್ನು ಹೊಕ್ಕ ಇಲಿ. ಪ್ರಯೋಜನ, ಅದರ ನಿರ್ಗಮನ. ಸಂಬಂಧ, ಪ್ರತಿಪಾದ್ಯ-ಪ್ರತಿಪಾದಕಭಾವ. ಅಧಿಕಾರಿಯಾದರೋ ಕಾರುಳ್ಳವನೂ, ಬಾಗಿಲುಳ್ಳ ಗ್ಯಾರೇಜಿಲ್ಲದವನೂ, ವೈರಿಂಗ್ ಬಿಲ್ಲನ್ನು ಒಮ್ಮೆ ಕಂಡು ವೈರಾಗ್ಯ ಹೊಂದಿದವನೂ ಆಗಿರತಕ್ಕದ್ದು.

ಲಕ್ಷಣ: ಸ್ವಾಮಿಯ ಅನುಜ್ಞೆಯಿಲ್ಲದೆ ಯಾನದ ಅಂತರ್ಭಾಗವನ್ನು ಆಶ್ರಯಿಸಿದ, ಆಜೀವಪರ್ಯಂತ ಬೆಳೆಯುವ ಬಾಚಿಹಲ್ಲುಗಳುಳ್ಳ ಪ್ರಾಣಿಯೇ ಯಾನಮೂಷಕ. 'ಅನುಜ್ಞೆಯಿಲ್ಲದೆ' ಎಂಬ ವಿಶೇಷಣವನ್ನೂ 'ಪ್ರಾಣಿ' ಎಂಬ ವಿಶೇಷ್ಯವನ್ನೂ ಕೈಬಿಟ್ಟರೆ, ಡ್ಯಾಶ್‌ಬೋರ್ಡಿನ ಮೇಲಿನ ಗಣಪತಿಯ ಪಾದದ ಬಳಿ ಕೂತ ಮೂಷಕದಲ್ಲಿ ಅತಿವ್ಯಾಪ್ತಿದೋಷ ಬರುತ್ತದೆ. ದಂತವಿಶೇಷಣವು ಸೊಂಡಿಲಿಯನ್ನು ಹೊರಗಿಡುತ್ತದೆ. ಅದು ಹುಳುಹುಪ್ಪಟೆ ತಿಂದು ಬದುಕುವ ಜೀವಿ, ಇಲಿಯ ಕುಲಕ್ಕೇ ಸೇರಿದ್ದಲ್ಲ. ವೈರು ತುಂಡಾದಾಗಲೆಲ್ಲ ಅದರ ಮೇಲೆ ಅಪವಾದ ಹೊರಿಸುವ ವಾಡಿಕೆಯನ್ನು ಈ ಶಾಸ್ತ್ರ ಖಂಡಿಸುತ್ತದೆ.

೧. ಮೂಷಕಭೇದ. ಚಿಕ್ಕ ಇಲಿ, ದೊಡ್ಡ ಇಲಿ, ಹೆಗ್ಗಣ ಎಂದು ಮೂರು ವಿಧ. ಮೊದಲೆರಡಕ್ಕೆ ಲಿನ್ನೇಯಸ್ 1758ರಲ್ಲಿಯೇ ಶಾಸ್ತ್ರೀಯ ನಾಮಕರಣ ಮಾಡಿದನು. ಬೆನ್ಜ್ ತನ್ನ ಮೋಟಾರು ಗಾಡಿಗೆ ಪೇಟೆಂಟ್ ಪಡೆದದ್ದು 1886ರಲ್ಲಿ. ಆದ್ದರಿಂದ ಇವುಗಳ ಪ್ರಧಾನ ವೃತ್ತಿ ಲಿನ್ನೇಯಸ್‌ನ ಗಮನಕ್ಕೆ ಬಾರದೆ ಹೋದದ್ದು ಕ್ಷಮ್ಯ. ಚಿಕ್ಕ ಇಲಿಗೆ ಸುಮಾರು 6 ಮಿ.ಮೀ. ರಂಧ್ರ ಸಾಕು. ಹೆಗ್ಗಣ ಸ್ಥೂಲಕಾಯ, ಬಿಲಾಸಕ್ತ. ಅದರ ವಿಚಾರ ಚರಂಡಿಶಾಸ್ತ್ರಕ್ಕೆ ಸೇರಿದ್ದು.

೨. ಯಾನಭೇದ. ಕಾರುಗಳು ಎರಡು ವಿಧ: ಸ್ಥಾವರ, ಜಂಗಮ. ನಿತ್ಯ ಓಡುವುದು ಜಂಗಮ. ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಕವರು ಹೊದ್ದು, ಮಗ ಅಮೆರಿಕದಿಂದ ಬರುವವರೆಗೆ ನಿಂತಿರುವುದು ಸ್ಥಾವರ. ಸ್ಥಾವರದಲ್ಲಿ ಇಲಿ ಸಂಸಾರ ಹೂಡುತ್ತದೆ. ಜಂಗಮದಲ್ಲಿ ಇಂಜಿನ್ನಿನ ಬಿಸಿ ಆರುವವರೆಗೆ ಮಾತ್ರ ತಂಗುತ್ತದೆ. ಆಯುಧಪೂಜೆಯ ಕಡ್ಲೆಪುರಿ ಸೀಟಿನ ಸಂದಿಯಲ್ಲಿ ಉಳಿದ ಕಾರು ಸ್ಥಾವರವೋ ಜಂಗಮವೋ ಎಂದು ಇಲಿ ವಿಚಾರಿಸುವುದಿಲ್ಲ. ಅಂಥದ್ದನ್ನು ಅನ್ನಸತ್ರವೆಂಬ ಮೂರನೆಯ ವಿಧವಾಗಿ ಎಣಿಸಬೇಕೆಂಬುದು ನಮ್ಮ ಮತ.

೩. ಪ್ರಮಾಣವಿಚಾರ. ಇಲಿ ಇದೆಯೆಂಬ ಜ್ಞಾನ ಹೇಗೆ ಉಂಟಾಗುತ್ತದೆ? ಪ್ರತ್ಯಕ್ಷ ದುರ್ಲಭ, ಏಕೆಂದರೆ ಇಲಿ ನಿಶಾಚರ, ಸ್ವಾಮಿ ದಿವಾಚರ. ಬಾನೆಟ್ ಎತ್ತಿದಾಗ ಬ್ಯಾಟರಿಯ ಮೇಲೆ ಕಾಣುವ, ಅಕ್ಕಿಕಾಳಿನಷ್ಟು ಉದ್ದದ ಕಪ್ಪು ಹಿಕ್ಕೆ ಹಿಕ್ಕೆಯ ಪ್ರತ್ಯಕ್ಷವೇ ಹೊರತು ಇಲಿಯದಲ್ಲ. ಇಲಿ ಅಲ್ಲಿ ಅನುಮೇಯ. ಎಸಿ ಹಾಕಿದೊಡನೆ ಹೊಮ್ಮುವ ದುರ್ಗಂಧದಿಂದಲೂ ಅನುಮಾನ ಸಾಧ್ಯ. ಆದರೆ ಧೂಮಾಗ್ನಿಗಳಿಗಿರುವ ವ್ಯಾಪ್ತಿ ಇಲ್ಲಿಲ್ಲ: ಗಂಧ ಮೂತ್ರದ್ದಾದರೆ ಇಲಿ ಇದೆ, ಶವದ್ದಾದರೆ ಇಲಿ ಇತ್ತು. ಈ ಕಾಲಭೇದವನ್ನರಿಯದೆ ಬೋನು ತಂದವನ ಶ್ರಮ ವ್ಯರ್ಥ.

ಗ್ಲೋವ್‌ಬಾಕ್ಸಿನಲ್ಲಿದ್ದ ಟಿಶ್ಯೂ ಪೇಪರ್ ಕಾಣದಿದ್ದರೆ ಅದು ಅನುಪಲಬ್ಧಿ. ಅದೇ ಪೇಪರ್ ಎಳೆಎಳೆಯಾಗಿ ಎಸಿ ಫಿಲ್ಟರಿನ ಮೇಲೆ ಗೂಡಾಗಿ ದೊರೆತರೆ ಅಭಾವಜ್ಞಾನ ಬಾಧಿತವಾಗಿ, ಸ್ಥಾನಾಂತರಜ್ಞಾನ ಹುಟ್ಟುತ್ತದೆ. ಹಗಲುಣ್ಣದ ದೇವದತ್ತ ದಪ್ಪಗಿದ್ದಾನೆಂದರೆ ರಾತ್ರಿ ಉಣ್ಣುತ್ತಾನೆಂದು ಊಹಿಸುವುದು ಅರ್ಥಾಪತ್ತಿ. ಸಂಜೆ ಮೊಳಗಿದ ಹಾರ್ನು ಬೆಳಿಗ್ಗೆ ಮೌನ ತಾಳಿದರೂ ಅದೇ ನ್ಯಾಯ. ಉಳಿದದ್ದು ಶಬ್ದಪ್ರಮಾಣ. "ಸಾರ್, ಇಲಿ ಕಡ್ದಿದೆ" ಎಂಬ ಮೆಕ್ಯಾನಿಕ್‌ನ ವಾಕ್ಯ ಶ್ರುತವಾದೊಡನೆ ಇತರ ಪ್ರಮಾಣಗಳೆಲ್ಲ ವಿರಮಿಸುತ್ತವೆ. ಆಪ್ತನಾದವನಿಗೆ ಲಾಭಾಪೇಕ್ಷೆ ಇರಕೂಡದಲ್ಲ ಎಂದರೆ, ತುಂಡಾದ ವೈರನ್ನು ಅವನು ಅಂಗೈಮೇಲಿಟ್ಟು ತೋರಿಸಿದ ಬಳಿಕ ಆ ಆಕ್ಷೇಪ ನಿಲ್ಲದು.

೪. ದಂಶನವಿಚಾರ. ಭಕ್ಷಣಾರ್ಥ, ಶಯ್ಯಾರ್ಥ, ದಂತಕ್ಷಯಾರ್ಥ ಎಂದು ತ್ರಿವಿಧ. ಪುರಿಯದು ಮೊದಲನೆಯದು, ಬಾನೆಟ್ಟಿನ ಒಳಮೈಯ ಮೆತ್ತೆಯದು ಎರಡನೆಯದು. ವೈರಿನ ದಂಶನ ಪ್ರಾಯಶಃ ಮೂರನೆಯದು: ಸದಾ ಬೆಳೆಯುವ ಹಲ್ಲನ್ನು ಸವೆಸದಿದ್ದರೆ ಇಲಿ ಉಣ್ಣಲಾರದು. ಆದ್ದರಿಂದ ಇಲಿಯಲ್ಲಿ ದ್ವೇಷವನ್ನು ಆರೋಪಿಸುವುದು ಅಯುಕ್ತ.

೫. ನಿವಾರಣೋಪಾಯ. ಹೊಗೆಸೊಪ್ಪು ಕಟ್ಟುವುದು, ನುಸಿಗುಳಿಗೆ ತೂಗಹಾಕುವುದು ಗಂಧಮಾರ್ಗ. ಸೊಪ್ಪು ಹುಣಸೂರಿನದೋ ನಿಪ್ಪಾಣಿಯದೋ ಎಂಬಲ್ಲಿ ಮತಭೇದವುಂಟು. ಗಾಳಿಗೆ ಘಾಟು ಆರಿದ ಮೇಲೆ ಮತಗಳೆರಡೂ ಒಂದಾಗುತ್ತವೆ. ಅಲ್ಟ್ರಾಸಾನಿಕ್ ಯಂತ್ರ ನಾದಮಾರ್ಗ. ಅದರ ನಾದ ಇಲಿಗೆ ಶ್ರಾವ್ಯ, ಸ್ವಾಮಿಗೆ ಅಶ್ರಾವ್ಯ. ಹೀಗಾಗಿ ಯಂತ್ರ ಕೆಟ್ಟದ್ದು ಇಲಿಗೆ ಮೊದಲು ತಿಳಿಯುತ್ತದೆ. ಪಾಷಾಣಮಾರ್ಗ ನಿಂದ್ಯ. ರಕ್ತ ಹೆಪ್ಪುಗಟ್ಟದಂತೆ ಮಾಡುವ ಪಾಷಾಣ ಕೊಲ್ಲಲು ಕೆಲವು ದಿನ ಹಿಡಿಯುತ್ತದೆ, ಅಷ್ಟರಲ್ಲಿ ಇಲಿ ತನ್ನ ಅಂತ್ಯಸ್ಥಾನವನ್ನು ಸಾವಧಾನವಾಗಿ ಎಸಿ ಕೊಳವೆಯಲ್ಲಿ ಆರಿಸಿಕೊಳ್ಳಬಲ್ಲದು. ಜಾಲರಿಮಾರ್ಗ ಶ್ರೇಷ್ಠ: ಗಾಳಿ ಒಳಬರುವ ಬಾಯಿಗೆ ಸಣ್ಣ ಕಣ್ಣಿನ ತಂತಿಬಲೆ, ಸೀಟಿನಡಿ ಗುಡಿಸುವಿಕೆ, ಆಗಾಗ ಯಾನವನ್ನು ಜಂಗಮಗೊಳಿಸುವಿಕೆ.

ಬೋನುಮಾರ್ಗದಲ್ಲಿ ಒಂದು ಸೂಕ್ಷ್ಮವಿದೆ. ಸುಟ್ಟ ಕೊಬ್ಬರಿಗೆ ಸಿಕ್ಕಿದ ಇಲಿಯನ್ನು ಬೀದಿ ಕೊನೆಯಲ್ಲಿ ಬಿಟ್ಟರೆ ಮರಳಿ ಬರುತ್ತದೆ; ದೂರ ಒಯ್ಯಬೇಕು. ಒಯ್ಯಲು ವಾಹನ ಬೇಕು. ಆಗ ಸ್ವಾಮಿ ಸಾರಥಿಯಾಗಿ, ಇಲಿ ಹಿಂದಿನ ಸೀಟಿನಲ್ಲಿ ವಿರಾಜಮಾನವಾಗುತ್ತದೆ. ಈ ಪ್ರವಾಸ ಇಲಿಗೆ ನಿರ್ಗಮನವೋ ಪುನಃಪ್ರವೇಶವೋ ಎಂದರೆ, ಅದು ಬೋನಿನ ಕೊಂಡಿಯನ್ನು ಅವಲಂಬಿಸಿದೆ.