ಗಡ್ಡೆವ್ವನ ಪಹಣಿ

ಹಂಪಿಯ ವಿರೂಪಾಕ್ಷ ಗುಡಿಯ ಪಕ್ಕ ಹೊಳೆಗೆ ಇಳಿದರೆ ಎದುರಿಗೆ ಕಾಣುವ ಹಸಿರೇ ವಿರೂಪಾಪುರ ಗಡ್ಡೆ. ಪ್ರವಾಸಿಗಳ ಬಾಯಲ್ಲಿ ಅದು ‘ಹಿಪ್ಪಿ ಐಲ್ಯಾಂಡ್’. ದೂರದ ದ್ವೀಪವೊಂದರ ಮೇಲೆ ಬರೆಯಿರಿ, ಅಂಡಮಾನ್ ಆದರೂ ನಡೆದೀತು ಎಂದಿದ್ದರು ಸಂಪಾದಕರು. ಅವರು ಕೊಡುವ ಭತ್ಯೆ ನನ್ನನ್ನು ಹೊಸಪೇಟೆ ಬಸ್ ಸ್ಟ್ಯಾಂಡಿನಿಂದ ಇಲ್ಲಿಯವರೆಗೆ ಮಾತ್ರ ತಂದಿತು. ಹೊಳೆ ದಾಟಿ ಭತ್ತದ ಗದ್ದೆಯ ಬದುವಿನ ಮೇಲೆ ಕೂತೆ. ಗಡ್ಡೆವ್ವ ತಾನಾಗಿಯೇ ಮಾತಿಗೆ ಬಂದಳು.

ಅವ್ವಾ, ಮೊದಲು ಇದನ್ನು ಹೇಳು. ನೀನು ದ್ವೀಪ ಹೌದೋ ಅಲ್ಲವೋ?

ಡ್ಯಾಮಿನವರನ್ನ ಕೇಳು ತಮ್ಮಾ. ಅವರು ಗೇಟ್ ಎತ್ತಿದ ದಿನ ನಾನು ದ್ವೀಪ, ಇಳಿಸಿದ ಮರುದಿನ ಗಂಗಾವತಿ ತಾಲೂಕು. ಬ್ಯಾಸಗ್ಯಾಗ ಸಾಣಾಪುರದ ಕಡಿಂದ ಟ್ರ್ಯಾಕ್ಟರ್ ಸೀದಾ ಬರತಾವ.

ಹಾಗಾದರೆ ‘ದೂರದ’ ದ್ವೀಪವೂ ಅಲ್ಲ?

ದೋಣ್ಯಾಗ ಬಂದ್ರ ಹತ್ತು ನಿಮಿಷನೂ ಹಿಡಿಯಲ್ಲ. ಸಂಜಿಗೆ ದೋಣಿ ನಿಂತ ಮ್ಯಾಲ ಕಮಲಾಪುರ, ಬುಕ್ಕಸಾಗರ, ಕಡೆಬಾಗಿಲು, ಆನೆಗೊಂದಿ ಸುತ್ತಿ ಬಾ. ಆಮ್ಯಾಲ ದೂರನೋ ಹತ್ತಿರನೋ ನೀನೇ ಬರಕೋ.

ವಯಸ್ಸು?

ನನ್ನ ಮಣ್ಣು ನಿನ್ನೆ ಮೊನ್ನೆ ಹೊಳಿ ತಂದು ಹಾಕಿದ್ದು. ಈ ಗುಂಡುಗಳದಾವಲ್ಲ, ಇವಕ್ಕ ಸುಮಾರು 250 ಕೋಟಿ ವರ್ಷ ಅಂತಾರ ಭೂವಿಜ್ಞಾನದವರು. ಬಂಡಿ ಬಿರುಕಿನಾಗ ನೀರು ಇಳಿದು, ಮೂಲಿ ಸವದು, ದುಂಡಗಾದವು. ವಾಲಿ ಸುಗ್ರೀವರು ಜಗಳಾಡಿ ಒಗದಾಡಿದ್ದು ಅಂತ ಗೈಡ್ ಹೇಳ್ತಾನ. ಅದಕ್ಕ ಅವನಿಗೆ ರೊಕ್ಕ ಸಿಗತೈತಿ. ಅಷ್ಟು ದುಡಿದ ನೀರಿಗೆ ಯಾರು ಕೊಟ್ರು?

ಯಾರ ಯಾರ ಆಳ್ವಿಕೆ ಕಂಡೆ?

ರಾಯರು ಇದ್ದಾಗ ನನ್ನ ಮ್ಯಾಲ ಕಲ್ಲಿನ ಕಂಬ ನಿಲ್ಲಿಸಿ ಕಾಲುವಿ ಹಾಯಿಸಿದ್ರು. ಬುಕ್ಕನ ಮೇಲ್ಗಾಲುವೆ ಅಂತಾರ, ಮುರಕಲು ಇನ್ನೂ ಐತಿ, ನೋಡಾಕ ಯಾರೂ ಬರಲ್ಲ. 1565ರಾಗ ಆ ದಂಡಿ ಹಾಳಾತು. ಆಮ್ಯಾಲ ನಾನು ಹೈದರಾಬಾದ್ ನಿಜಾಮನವಳು, ಎದುರಿನ ಹಂಪಿ ಮದ್ರಾಸಿನವರದು. ನಡುವ ಒಂದೇ ಹೊಳಿ. 1948ರಾಗ ನಿಜಾಮ ಹೋದ, 1956ರಾಗ ಎರಡೂ ದಂಡಿ ಒಂದೇ ರಾಜ್ಯ ಅಂದ್ರು. ಅಂದ್ರೂ ರಾಯಚೂರಿನಾಗ ಇದ್ದವಳನ್ನ 1997ರಾಗ ಕೊಪ್ಪಳಕ್ಕ ಹಾಕಿದ್ರು, ಬಳ್ಳಾರಿಯಾಗಿದ್ದ ಹಂಪಿ 2021ರಾಗ ವಿಜಯನಗರ ಜಿಲ್ಲೆ ಆತು. ಬೋರ್ಡ್ ಬರಿಯಾವರು ಉದ್ಧಾರ ಆದ್ರು.

ವಿದೇಶಿಯರು ಯಾವಾಗಿನಿಂದ ಬರುತ್ತಿದ್ದಾರೆ?

ಪೋರ್ಚುಗಲ್ಲಿನ ದೊಮಿಂಗೊ ಪಾಯಸ್ ಬಂದಿದ್ದು ಸುಮಾರು 1520ರಾಗ. ಆನೆಗೊಂದಿಗೆ ದಾಟೋ ಹರಿಗೋಲು ನೋಡಿ ಬೆರಗಾಗಿ ಬರಕೊಂಡು ಹೋದ: ಬುಟ್ಟಿ ಹಂಗ ದುಂಡಗ, ಒಳಗ ಬೆತ್ತ, ಹೊರಗ ಚರ್ಮ, ಹದಿನೈದಿಪ್ಪತ್ತು ಮಂದಿ ಹಿಡಿತಾರ, ನೆಟ್ಟಗ ಹೋಗದ ಗಿರಗಿರ ತಿರುಗತೈತಿ. ಆಗ ಅದು ಹರಿಗೋಲಿನ ಐಬು. ಈಗ ಸಾಣಾಪುರದಾಗ ಬೇಕಂತಲೇ ತಿರುಗಸ್ತಾರ. ಅದಕ್ಕೂ ರೊಕ್ಕ.

ಆಮ್ಯಾಲ ಬಂದವರು ಗಡ್ಡದವರು. ಗಡ್ಡಿ ಅಂದಿದ್ದನ್ನ ಅವರು ಗಡ್ಡ ಅಂತ ತಿಳಕೊಂಡ್ರೋ ಏನೋ. ಜೋಕಾಲಿ ಕಟ್ಟಿಕೊಂಡು ತಿಂಗಳಗಟ್ಟಲೆ ಮಲಗಿದ್ರು. ಅವರ ಹಿಂದ ನಮ್ಮವರು ಬಂದು ಗುಡಿಸಲು ಹಾಕಿದ್ರು, ಗುಡಿಸಲಿಗೆ ರೆಸಾರ್ಟ್ ಅಂತ ಹೆಸರಿಟ್ರು. ನಾಟಿ ಮಾಡೋ ಗದ್ಯಾಗ ಬಾಡಿಗಿ ಬೆಳೀತು.

ಆಮೇಲೆ ಕೋರ್ಟು.

1988ರಾಗೇ ಸರ್ಕಾರ ಈ ಜಾಗ ಸಂರಕ್ಷಿತ ಅಂತ ಅಧಿಸೂಚನೆ ಹೊರಡಿಸಿತ್ತು. ಅದನ್ನ ನನಗ ಓದಿ ಹೇಳಾಕ ಮೂವತ್ತೆರಡು ವರ್ಷ ಬೇಕಾತು ನೋಡು. 2020ರ ಫೆಬ್ರುವರಿ 11ಕ್ಕ ಸುಪ್ರೀಂ ಕೋರ್ಟ್ ತೀರ್ಪು, ಮಾರ್ಚಿನಾಗ ಜೆಸಿಬಿ. ಒಡದ ಧೂಳು ಕೂಡೋದ್ರಾಗ ಇಡೀ ದೇಶನೇ ಲಾಕ್‌ಡೌನ್ ಆತು. ದೂರದ ದ್ವೀಪ ಅಂತೀಯಲ್ಲ, ಅವತ್ತು ಖರೇನೇ ಆಗಿದ್ದೆ.

ಒಂದು ಸೇತುವೆ ಇದ್ದಿದ್ದರೆ?

ನನಗಂತ ಒಂದು ಕಾಲುಸೇತುವಿ ಎದ್ದಿತ್ತಪ್ಪ. ಅದನ್ನೂ ಆನೆಗೊಂದಿ ಸೇತುವಿನೂ ನೋಡಿ ಯುನೆಸ್ಕೊದವರು 1999ರಾಗ ಹಂಪಿನ ಅಪಾಯದ ಪಟ್ಟಿಗೆ ಹಾಕಿದ್ರು. ನಂದನ್ನ ಬಿಚ್ಚಿ ಒಯ್ದರು. ಆನೆಗೊಂದಿದು 2009ರಾಗ ಕಟ್ಟತಿದ್ದಾಗಲೇ ಕುಸೀತು, ದುಡಿಯೋ ಮಂದಿ ಸತ್ರು. (ಇಲ್ಲಿ ಗಡ್ಡೆವ್ವ ಸ್ವಲ್ಪ ಹೊತ್ತು ಮಾತಾಡಲಿಲ್ಲ.) 2019ರ ಆಗಸ್ಟಿನಾಗ ಹೊಳಿ ಬಂದು ರಸ್ತಿ ಮುಳುಗಿ ಪ್ರವಾಸಿಗಳು ಸಿಕ್ಕಿಬಿದ್ದಾಗ ಹೆಲಿಕಾಪ್ಟರ್ ತರಿಸಿದ್ರು. ಹೆಲಿಕಾಪ್ಟರಿಗೆ ಯಾವ ಪಟ್ಟಿನೂ ಇಲ್ಲ.

ಈಗ ನಿನ್ನ ಜೊತೆಗಿರುವ ಜೀವಗಳು?

ನೀರುನಾಯಿ. ಅದರಷ್ಟು ಸಂಭಾವಿತ ಬಾಡಿಗಿದಾರ ನಾ ನೋಡಿಲ್ಲ. ಗುಂಡಿನ ಸಂದ್ಯಾಗ ಮನಿ, ಸಂಸಾರ ಸಮೇತ ಬೆಳಿಗ್ಗೆ ಮೀನಿಗೆ ಹೋಗಿ ಬಿಸಿಲಿಗೆ ಬಂದು ಮೈ ಒಣಗಿಸಿಕೊಂತಾವ. 2015ರಾಗ ಮುದ್ಲಾಪುರದಿಂದ ಕಂಪ್ಲಿತನಕ 34 ಕಿಲೋಮೀಟರ್ ಹೊಳಿನ ನೀರುನಾಯಿ ಸಂರಕ್ಷಿತ ಪ್ರದೇಶ ಅಂತ ಮಾಡಿದ್ರು. ದರೋಜಿ ಕರಡಿಗೆ 1994ರಾಗೇ ಜಾಗ ಸಿಕ್ಕಿತ್ತು; ಕರಡಿ ಕಡೆ ಯಾರು ಓಡಾಡಿದ್ರೋ. ಆದ್ರ ಮದ್ದು ಸಿಡಿಸಿ ಮೀನು ಹಿಡಿಯೋರಿಗೆ ಈ ಗೆಜೆಟ್ ಯಾರು ಓದಿ ಹೇಳಬೇಕು? ಮೊಸಳಿನೂ ಅದಾವ. ಅವಕ್ಕ ಯಾರೂ ನೋಟಿಸ್ ಕೊಡಾಕ ಹೋಗಿಲ್ಲ.

ಕೊನೆಯ ಪ್ರಶ್ನೆ. ನಿನ್ನ ಪಹಣಿ ಯಾರ ಹೆಸರಲ್ಲಿದೆ?

ಕಾಗದದ ಮ್ಯಾಲ ಯಾರದೇ ಇರಲಿ. 1953ರಿಂದ ನನ್ನ ಮಾಲಕ ಡ್ಯಾಮು. ಮೂವತ್ಮೂರು ಗೇಟು. 2024ರ ಆಗಸ್ಟ್ 10ರ ರಾತ್ರಿ ಸರಪಳಿ ಕಡಿದು 19ನೇ ಗೇಟ್ ಕೊಚ್ಚಿಕೊಂಡು ಹೋದಾಗ ರೈತರು ನೀರು ಹೋತಲ್ಲಾ ಅಂತ ಅತ್ರು. ನಾನು ನೀರು ಬಂತಲ್ಲಾ ಅಂತ ಕುಂತಿದ್ದೆ.

ಅಷ್ಟರಲ್ಲಿ ಆಚೆ ದಂಡೆಯಿಂದ ದೋಣಿಯವನು ಕೂಗಿದ. ಸಂಪಾದಕರಿಗೆ ‘ದ್ವೀಪ ಸಿಕ್ಕಿತು, ಆದರೆ ಕೊಪ್ಪಳ ಜಿಲ್ಲೆಯಲ್ಲಿದೆ’ ಎಂದು ಮೆಸೇಜ್ ಹಾಕಿ ಎದ್ದೆ.

ಓದುಗರೇ, ಮಳೆಗಾಲದಲ್ಲಿ ಆ ಕಡೆ ಹೋಗುವವರಿದ್ದರೆ ಹೋಟೆಲಿನ ದರ ಆಮೇಲೆ ಕೇಳಿ. ಡ್ಯಾಮಿನಿಂದ ಇವತ್ತು ಎಷ್ಟು ಕ್ಯೂಸೆಕ್ ಬಿಟ್ಟಿದ್ದಾರೆ ಎಂದು ಮೊದಲು ಕೇಳಿಕೊಳ್ಳಿ.