ಕೊಲ್ಲಾಪುರ ತೋರಿಸುವವನು

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಐದೂ ತಾಲೂಕುಗಳಲ್ಲಿ ಗೆಳೆಯರ ಗುಂಪೊಂದಿದ್ದರೆ ಅದರಲ್ಲಿ ಕೊಲ್ಲಾಪುರ ತೋರಿಸುವವನು ಒಬ್ಬ ಇದ್ದೇ ಇರುತ್ತಾನೆ. ನಡುವಯಸ್ಸು ದಾಟಿದವನು, "ನಾ ಇದ್ದೀನಲ್ಲ, ಸುಮ್ಮ ಬರ್ರಿ" ಎಂಬುದು ಅವನ ಗುರುತು. ನಿಪ್ಪಾಣಿಯಿಂದ ಕೊಲ್ಲಾಪುರ ಸುಮಾರು 40 ಕಿ.ಮೀ. ಕೊಗನೊಳಿಯ ಟೋಲ್ ನಾಕಾ ದಾಟಿ ಕಾಗಲ ಬಂತೆಂದರೆ ರಾಜ್ಯ ಬದಲಾಯಿತು. ಅಷ್ಟಕ್ಕೇ ಆತ ಸಮುದ್ರ ದಾಟಿಸುವವನಂತೆ ತಲೆ ಎಣಿಸಿ, ಕನ್ನಡ ಬಿಟ್ಟು ಮರಾಠಿ ಹಿಡಿಯುತ್ತಾನೆ. ಚಹಾದಂಗಡಿಯವನು ಕನ್ನಡದಲ್ಲೇ ಉತ್ತರ ಕೊಟ್ಟರೂ ಆ ಮರಾಠಿ ನಿಲ್ಲುವುದಿಲ್ಲ.

ಊರಿಗೆ ತಕ್ಕಂತೆ ಇವನಲ್ಲಿ ಭೇದಗಳುಂಟು. ರಾಯಬಾಗ ಹಿಂದೆ ಕೊಲ್ಲಾಪುರ ಸಂಸ್ಥಾನಕ್ಕೆ ಸೇರಿತ್ತಾದ್ದರಿಂದ ಅಲ್ಲಿಯವನು ಶಾಹೂ ಮಹಾರಾಜರನ್ನು "ನಮ್ಮ ಮಹಾರಾಜರು" ಎಂದೇ ಕರೆಯುತ್ತಾನೆ. 1902ರಲ್ಲಿ ಅವರು ತಂದ ಮೀಸಲಾತಿಯ ಆದೇಶಕ್ಕೆ ತನ್ನ ಅಜ್ಜನ ಸಲಹೆಯೂ ಇತ್ತೇನೋ ಎಂಬ ಧಾಟಿ ಅವನದು. ಕಾಗವಾಡದವನು ಎಲ್ಲರನ್ನೂ ಮೊದಲು ಕೃಷ್ಣೆಯ ದಂಡೆಯ ಖಿದ್ರಾಪುರಕ್ಕೆ ಒಯ್ದು, ಕೋಪೇಶ್ವರ ಗುಡಿಯ ಕನ್ನಡ ಶಾಸನಗಳನ್ನು ಓದಲು ಬಾರದಿದ್ದರೂ ಬೆರಳಿಟ್ಟು ತೋರಿಸುತ್ತಾನೆ. ನಿಪ್ಪಾಣಿಯವನಿಗೆ ಪ್ರತಿ ಪೇಟೆಯಲ್ಲೂ ಬೀಗರು.

ಅಥಣಿಯವನ ವಿಷಯವನ್ನು ಮಾತ್ರ ವಿಸ್ತಾರವಾಗಿ ಹೇಳಬೇಕು. ಅವನ ನಿಲ್ದಾಣ ಚಪ್ಪಲ್ ಲೈನ್. ಕರಕರ ಎನ್ನದ ಚಪ್ಪಲಿ ಅವನ ಪ್ರಕಾರ ಕೊಲ್ಲಾಪುರಿಯೇ ಅಲ್ಲ. ಆದ್ದರಿಂದ ಪ್ರತಿ ಅಂಗಡಿಯಲ್ಲೂ ಪ್ರತಿ ಜೋಡು ಮೆಟ್ಟಿ, ರಸ್ತೆಗಿಳಿದು ಹತ್ತು ಹೆಜ್ಜೆ ಹಾಕಿ, ಕತ್ತು ಓರೆ ಮಾಡಿ ಆಲಿಸುತ್ತಾನೆ. ಸ್ಕೂಟರುಗಳ ಗದ್ದಲದಲ್ಲಿ ಕೇಳಿಸದಿದ್ದರೆ ಗೆಳೆಯರು ಬಗ್ಗಿ ಕಿವಿಗೊಡಬೇಕು. "ನಿಮ್ಮ ಕಿವಿ ಭಾರಿ ಚುರುಕ ಐತ್ರಿ" ಎಂದು ಹೊಗಳಿಸಿಕೊಂಡವರು ಉಳಿದವರಿಗಿಂತ ಹೆಚ್ಚು ಹೊತ್ತು ಬಗ್ಗಿರುತ್ತಾರೆ; ಈ ಬರಹಕ್ಕೆ ಅಂಥ ಒಂದು ಸೊಂಟದ ಅನುಭವವೇ ಆಧಾರ. ಬಳಿಕ ಚೌಕಾಸಿ. ಹೇಳಿದ ಬೆಲೆಗೆ ಅರ್ಧ ಕೇಳಿ ಹೊರಟುಹೋಗುತ್ತಾನೆ, ಅಂಗಡಿಯವನು ಕರೆಯುವುದಿಲ್ಲ, ಮೂಲೆಯಲ್ಲಿ ನಿಂತು, ಕರೆಯಲು ಹೇಳುವಂತೆ ಗೆಳೆಯನೊಬ್ಬನನ್ನು ವಾಪಸು ಕಳಿಸುತ್ತಾನೆ. ಕೊನೆಗೆ ರೊಕ್ಕ ಎಣಿಸುವಾಗ ಅಂಗಡಿಯವನು ಸಹಜವಾಗಿ ಹೇಳುತ್ತಾನೆ: "ಮದಭಾವಿ ಮಾಲು ಸಾಹೇಬ್ರ, ನಿಮ್ಮ ಅಥಣಿ ಕಡೀದs." ಆತ ಒಂದಿಷ್ಟೂ ಪೆಚ್ಚಾಗುವುದಿಲ್ಲ. "ಅದಕ್ಕs ಛಲೋ ಅದಾವು" ಎನ್ನುತ್ತಾನೆ. ಮಾತು ಸುಳ್ಳಲ್ಲ. 2019ರಲ್ಲಿ ಕೊಲ್ಲಾಪುರಿ ಚಪ್ಪಲಿಗೆ ಸಿಕ್ಕ ಭೌಗೋಳಿಕ ಸೂಚಕದಲ್ಲಿ ಮಹಾರಾಷ್ಟ್ರದ 4 ಜಿಲ್ಲೆಗಳ ಜೊತೆ ಬೆಳಗಾವಿ ಸೇರಿ ಕರ್ನಾಟಕದ 4 ಜಿಲ್ಲೆಗಳಿಗೂ ಪಾಲಿದೆ. ಆದರೆ ಅಷ್ಟರಲ್ಲಿ ಚಾರ್ಲ್ಸ್ ಮ್ಯಾಂಟ್ ವಿನ್ಯಾಸ ಮಾಡಿ 1884ಕ್ಕೆ ಮುಗಿದ ಹೊಸ ಅರಮನೆಯ ಬಾಗಿಲು ಮುಚ್ಚಿರುತ್ತದೆ. ಗಡಿಯಾರದ ಗೋಪುರವನ್ನು ಗೇಟಿನಿಂದಲೇ ತೋರಿಸಿ, "ಒಳಗ ಏನೂ ಇಲ್ಲ" ಎಂದು ಮುಗಿಸುತ್ತಾನೆ.

ಅಂಬಾಬಾಯಿ ಗುಡಿಯ ಹೊರಗೆ ಮಾತ್ರ ಇವನ ಮೇಲಿನ ಸಿಟ್ಟು ಇಳಿಯುತ್ತದೆ. ಎಲ್ಲರ ಚೀಲ, ಚಪ್ಪಲಿ, ಮೊಬೈಲುಗಳನ್ನು ಮಡಿಲಿಗೆ ಹಾಕಿಕೊಂಡು, "ನಂದು ಆಗೇತಿ, ನೀವು ಹೋಗಿ ಬರ್ರಿ" ಎಂದು ಕಟ್ಟೆಯ ಮೇಲೆ ಕೂರುತ್ತಾನೆ. ಜನವರಿ ಕೊನೆಗೂ ನವೆಂಬರಿನಲ್ಲೂ ಮುಳುಗುವ ಸೂರ್ಯನ ಕಿರಣ ಗರ್ಭಗುಡಿಯವರೆಗೆ ಹೋಗಿ ದೇವಿಯ ಮೇಲೆ ಬೀಳುವ ಕಿರಣೋತ್ಸವವನ್ನು ಕಣ್ಣಿಗೆ ಕಟ್ಟುವಂತೆ ವರ್ಣಿಸುವವನೂ ಇವನೇ. ಸ್ವತಃ ನೋಡಿಲ್ಲ. ಆ ಸಂಜೆಗಳಲ್ಲೂ ಯಾರದೋ ಚಪ್ಪಲಿ ಕಾಯುತ್ತಿದ್ದ. ಪ್ರತಿ ಸಲ ಗುಂಪಿನಲ್ಲಿ ಹೊಸಬರೊಬ್ಬರು ಇರುತ್ತಾರೆ, ಅವರಿಗೆ ದರ್ಶನವಾಗಬೇಕು.

ದಿನದ ಕೊನೆಯ ಕಾರ್ಯಕ್ರಮ ರಂಕಾಳಾ ಕೆರೆಯ ದಂಡೆಯಲ್ಲಿ ಭೇಳ್ ಮತ್ತು ಲೆಕ್ಕ. ಡೀಸೆಲ್, ಟೋಲ್, ತಾಂಬಡಾ ರಸ್ಸಾದ ಊಟ, ಪಾರ್ಕಿಂಗ್ ಎಲ್ಲವನ್ನೂ ಹಳೆಯ ರಸೀದಿಯ ಬೆನ್ನಿಗೆ ಬರೆದು ತಲೆಗಿಷ್ಟು ಎಂದು ಭಾಗಿಸುತ್ತಾನೆ. "ಇತರೆ" ಎಂಬ ಸಾಲಿನಲ್ಲಿ ಹೆಚ್ಚುಕಡಿಮೆ ಒಂದು ಜೋಡು ಚಪ್ಪಲಿಯ ಬೆಲೆ ಇರುತ್ತದೆ. ಯಾರೂ ತಕರಾರು ತೆಗೆಯುವುದಿಲ್ಲ, ಗಾಡಿ ಅವನದು.