ಕೀಲಿ ಬೀಳವಲ್ದು: ಒಂದು ಬಾಗಿಲು, ಐದು ದರ್ಶನ

ಮೂಲಪಾಠ

ಶ್ರಾವಣದ ಒಂದು ಸೋಮವಾರ, ಎರಡನೇ ಚಹಾದ ಹೊತ್ತಿಗೆ, ಸೇಡಂನ ನಮ್ಮ ಮನೆಯ ಬಚ್ಚಲ ಕಡೆಯಿಂದ ಒಂದು ವಾಕ್ಯ ಹೊರಟು ಪಡಸಾಲೆ ತಲುಪಿತು: “ಏನ್ರಿ, ಮಷೀನಿಂದು ಕೀಲಿ ಬೀಳವಲ್ದು.” ಪ್ರಸ್ತುತ ಪ್ರಬಂಧಕ್ಕೆ ಇದೇ ಮೂಲಪಾಠ. ಕರ್ತೃ ಈ ಪ್ರಬಂಧಕಾರನ ಧರ್ಮಪತ್ನಿ. ಕರ್ತೃತ್ವದ ಬಗ್ಗೆ ವಿವಾದವಿಲ್ಲ. ಪಾಠಾಂತರ ಮಾತ್ರ ಒಂದಿದೆ: ಮೂರನೇ ಸಲ ಕೂಗುವಾಗ ‘ಏನ್ರಿ’ ಬಿದ್ದುಹೋಗಿತ್ತು.

ಮೊದಲು ವ್ಯಾಕರಣ. ಬೆಂಗಳೂರಿನವರು ಇದನ್ನೇ ‘ಲಾಕ್ ಆಗ್ತಿಲ್ಲ’ ಎನ್ನುತ್ತಾರೆ. ಅಲ್ಲಿ ಒಂದು ಘಟನೆ ನಡೆದಿಲ್ಲ, ಅಷ್ಟೆ. ನಮ್ಮ ಕಡೆಯ ‘ಬೀಳವಲ್ದು’ ಹಾಗಲ್ಲ. ಅದು ‘ಬೀಳಲು ಒಲ್ಲದು’. ಕೀಲಿಗೆ ಮನಸ್ಸಿದೆ, ಆ ಮನಸ್ಸು ಒಲ್ಲೆ ಎನ್ನುತ್ತಿದೆ ಎಂಬ ಆರೋಪ ಕ್ರಿಯಾಪದದ ಹೊಟ್ಟೆಯಲ್ಲೇ ಅಡಗಿದೆ. ಮುಂದಿನ ಎರಡು ದಿನಗಳ ವಿದ್ವತ್ತೆಲ್ಲ ಈ ಒಂದು ಪ್ರತ್ಯಯದಿಂದ ದಾರಿ ತಪ್ಪಿತೆಂಬುದು ನಮ್ಮ ಪ್ರತಿಪಾದನೆ.

ದೋಷ ಹುಡುಕುವುದು ಈ ನೆಲಕ್ಕೆ ಹೊಸತೇನಲ್ಲ. ನಮ್ಮ ತಾಲ್ಲೂಕಿನ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಒಂಬತ್ತನೇ ಶತಮಾನದಲ್ಲಿ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ‘ಕವಿರಾಜಮಾರ್ಗ’ದ ಮೊದಲ ಪರಿಚ್ಛೇದವೇ ಕಾವ್ಯದ ದೋಷಾದೋಷಗಳ ವಿಚಾರ. ಅಂದರೆ ಕನ್ನಡದಲ್ಲಿ ನಮಗೆ ದಕ್ಕಿರುವ ಮೊದಲ ಪುಸ್ತಕ ತೆರೆದುಕೊಳ್ಳುವುದೇ ರಿಪೇರಿಯಿಂದ. ಇಂಥ ಪರಂಪರೆಯವರು ಮಷೀನಿನ ಮುಂದೆ ಸುಮ್ಮನೆ ಕೂರುವುದು ಹೇಗೆ?

ವಿಷಯನಿರೂಪಣೆ

ಯಂತ್ರ ಮುಂದುಗಡೆ ಬಾಗಿಲಿನದು. ದುಂಡು ಗಾಜು, ಅಂಚಿಗೆ ಬೂದು ರಬ್ಬರ್. ಬಾಗಿಲ ಒಂದು ಬದಿಗೆ ಬಿಜಾಗರಿ, ಇನ್ನೊಂದು ಬದಿಗೆ ಕಿರುಬೆರಳ ತುದಿಯಷ್ಟು ಕೊಂಡಿ. ಆ ಕೊಂಡಿ ಎದುರಿನ ಸಂದಿನೊಳಗೆ ಹೋಗಬೇಕು. ಹೋಗದಿದ್ದರೆ ನೀರು ಬರುವುದಿಲ್ಲ, ಡ್ರಮ್ಮು ತಿರುಗುವುದಿಲ್ಲ. ಇದು ಯಂತ್ರದ ಹಟವಲ್ಲ. ನಿಮಿಷಕ್ಕೆ ಸಾವಿರ ಸುತ್ತು ತಿರುಗುವ ಡ್ರಮ್ಮಿಗೆ ಯಾರೂ ಕೈ ಹಾಕಬಾರದು, ಒಳಗಿನ ನೀರು ಪಡಸಾಲೆಗೆ ಬರಬಾರದು ಎಂಬ ಕಾಳಜಿ.

ಶಹಾಬಾದ್ ದರ್ಶನ

ಮೊದಲು ಬಂದದ್ದು ಶಹಾಬಾದಿನ ನನ್ನ ಸಡ್ಡಕ. ಫರಸಿ ಕಲ್ಲಿನ ವ್ಯಾಪಾರಿ. ಅವರ ಪ್ರಕಾರ ಜಗತ್ತಿನ ಸಕಲ ದುಃಖಕ್ಕೂ ಮೂಲ ಸುಣ್ಣಕಲ್ಲು. “ಅಣ್ಣಾ, ನಮ್ಮ ನೀರು ಕುಡದ್ರ ಹೊಟ್ಟ್ಯಾಗ ಫರಸಿ ಬೀಳ್ತದ, ಇನ್ನ ಮಷೀನು ಯಾವ ಲೆಕ್ಕ?” ಮಾತಿನಲ್ಲಿ ಹುರುಳಿದೆ. ಭೀಮಾ ಬಯಲಿನ ಈ ಪಟ್ಟಿಯಲ್ಲಿ ನೆಲದಡಿಯೆಲ್ಲ ಸುಣ್ಣಕಲ್ಲು. ಅದಕ್ಕೇ ಶಹಾಬಾದಿಗೆ ಫರಸಿ, ವಾಡಿಗೂ ಸೇಡಮ್ಮಿಗೂ ಸಿಮೆಂಟು. ಬೋರಿನ ನೀರು ಗಡಸು. ಗಡಸು ನೀರಿಗೆ ಸಾಬೂನು ಬೆರೆತರೆ ನೊರೆಗಿಂತ ಜಿಡ್ಡೇ ಹೆಚ್ಚು. ಅದು ಸಂದಿನಲ್ಲಿ ಕೂತು ಒಣಗಿ ಗಟ್ಟಿಯಾದರೆ ಕೊಂಡಿಗೆ ಜಾಗವೇ ಇಲ್ಲ.

ಸಡ್ಡಕರು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಸಂದು ಕೆದರಿದರು. ಬೂದಿಬಣ್ಣದ ಹಕ್ಕಳೆ, ನೂಲಿನ ಚೂರು ಮತ್ತು ಒಂದು ತೊಗರಿ ಕಾಳು ಹೊರಬಂದವು. ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿರುವುದರಿಂದ ಕಾಳಿನ ಊರು ಯಾವುದೆಂಬ ಚರ್ಚೆ ಬೇಕಾಗಲಿಲ್ಲ. ಕಾಳು ತೆಗೆದು ಬಾಗಿಲು ಹಾಕಿದರು. ಕೀಲಿ ಬೀಳಲಿಲ್ಲ.

ವಾಡಿ ದರ್ಶನ

ರೈಲ್ವೆಯಲ್ಲಿ ದುಡಿದು ನಿವೃತ್ತರಾದ ನಮ್ಮ ಮಾವನವರು ವಾಡಿಯವರು. ಮುಂಬೈ–ಚೆನ್ನೈ ಹಳಿಯಿಂದ ಸಿಕಂದರಾಬಾದಿನ ಹಳಿ ಕವಲೊಡೆಯುವ ಊರದು. ನಿಜಾಮರ ರೈಲು 1874ರಲ್ಲಿ ಅಲ್ಲಿಂದಲೇ ಹೊರಟಿತು. ಹಳಿ ಬೇರೆಯಾಗುವ ಜಾಗದಲ್ಲಿ ಬಾಳಿದವರು ಯಾವ ಬಾಗಿಲನ್ನೂ ಸುಮ್ಮನೆ ನಂಬುವುದಿಲ್ಲ.

“ಬಾಗಲಾ ಮುಚ್ಚೇದ ಅಂತ ನಿಮ್ಮ ಕಣ್ಣು ಹೇಳ್ತದ. ಮಷೀನಿಗಿ ಯಾರು ಹೇಳಬೇಕು?” ಎಂಬುದು ಅವರ ಪ್ರಶ್ನೆ. ವಾಡಿಯಲ್ಲಿ ಹಳಿಯ ಪಾಯಿಂಟು ಹೊರಳಿದರೆ ಸಾಲದು, ಅದು ಲಾಕಾಗಬೇಕು. ಲಾಕಾದರೂ ಸಾಲದು, ಲಾಕಾದ ಸುದ್ದಿ ಕ್ಯಾಬಿನ್ನಿಗೆ ಮುಟ್ಟಬೇಕು. ಆಮೇಲೆಯೇ ಸಿಗ್ನಲ್ಲು. ಮಷೀನೂ ಇದೇ ಇಲಾಖೆಯದು. ಕೊಂಡಿ ಒಳಹೊಕ್ಕಾಗ ಒಂದು ‘ಟಕ್’. ಆಮೇಲೆ ಕೀಲಿಯ ಡಬ್ಬಿಯೊಳಗೆ ಪಿ.ಟಿ.ಸಿ. ಎಂಬ ಗುಳಿಗೆಯಂಥ ಬಿಲ್ಲೆಗೆ ಕರೆಂಟು ಹರಿದು ಅದು ಬಿಸಿಯಾಗುತ್ತದೆ. ಮೇಲಿನ ಜೋಡುಲೋಹದ ಪಟ್ಟಿ ಬಿಸಿಗೆ ಬಾಗಿ ಮೊಳೆಯೊಂದನ್ನು ತಳ್ಳುತ್ತದೆ. ಅದು ಎರಡನೇ ಸಣ್ಣ ‘ಟಿಕ್’. ಆಗ ಸುದ್ದಿ ಮುಟ್ಟಿತು. ಬದುಕಿರುವ ಪಿಂಚಣಿದಾರ ಎದುರಿಗೇ ಕೂತಿದ್ದರೂ ‘ಜೀವಂತ ಪ್ರಮಾಣಪತ್ರ’ ಕೇಳುವ ಕಚೇರಿಯ ಹಾಗೆ, ಮಷೀನಿಗೆ ಮುಚ್ಚಿದ ಬಾಗಿಲು ಬೇಕಿಲ್ಲ. ಮುಚ್ಚಿದ್ದಕ್ಕೆ ಪುರಾವೆ ಬೇಕು.

ಮಾವನವರು ಕಿವಿಗೊಟ್ಟರು. ಮನೆಯೆಲ್ಲ ಉಸಿರು ಹಿಡಿಯಿತು. ‘ಟಕ್’ ಇಲ್ಲ, ‘ಟಿಕ್’ ಇಲ್ಲ. “ಕರೆಂಟಿಂದು ತಪ್ಪಿಲ್ಲ, ಅದರ ಪಾಳಿ ಇನ್ನಾ ಬಂದೇ ಇಲ್ಲ” ಎಂದು ತೀರ್ಪಿತ್ತರು. ಐವರಲ್ಲಿ ಸತ್ಯಕ್ಕೆ ಇಷ್ಟು ಹತ್ತಿರ ಬಂದು ಚಹಾಕ್ಕೆ ಎದ್ದುಹೋದವರು ಇವರೊಬ್ಬರೇ.

ಚಿತ್ತಾಪುರ ದರ್ಶನ

ಚಿತ್ತಾಪುರದ ಮಾಸ್ತರರು ಬಾಗಿಲನ್ನು ಮುಟ್ಟಲೇ ಇಲ್ಲ. ಪರದೆಯ ಮೇಲೆ ಮಿನುಗುತ್ತಿದ್ದ ಎರಡಕ್ಷರವನ್ನು ಓದಿದರು. ಪರದೆಯ ಒಂದೆರಡು ಗೆರೆ ಸುಟ್ಟುಹೋಗಿದ್ದರಿಂದ ಅದು ‘ಡಿ.ಇ.’ಯೋ ‘ಓ.ಇ.’ಯೋ ಎಂಬ ಸಂದೇಹ. ಮೊದಲನೆಯದಾದರೆ ಬಾಗಿಲ ದೋಷ, ಎರಡನೆಯದಾದರೆ ನೀರು ಹೊರಹೋಗುವ ದಾರಿಯ ದೋಷ. ಅವರ ತಾಲ್ಲೂಕಿನ ಸನ್ನತಿಯಲ್ಲಿ 1986ರಲ್ಲಿ ಕಾಳಿಯ ಗುಡಿ ಕುಸಿದಾಗ, ಮೂರ್ತಿಯ ಪೀಠವೇ ಅಶೋಕನ ಶಾಸನವೆಂದು ತಿಳಿಯಿತು. ಮೂರ್ತಿ ಕೂರಿಸಲು ಕಲ್ಲಿನ ನಡುವೆ ಕಿಂಡಿ ಕೊರೆದಿದ್ದರಿಂದ ಕೆಲವು ಅಕ್ಷರಗಳು ಹೋಗಿವೆ. ಅಂಥ ಕಲ್ಲು ಕಂಡ ಕಣ್ಣಿಗೆ ಸುಟ್ಟ ಗೆರೆ ದೊಡ್ಡದಲ್ಲ. “ಕಿಂಡಿಯೊಳಗ ಕೂಡಬೇಕಾದದ್ದು ಕೂಡೋತನಕ ಅಕ್ಷರ ಓದೋದೇ ನಮ್ಮ ಕೆಲಸ” ಎಂದು ಕನ್ನಡಕ ಒರೆಸಿಕೊಂಡರು. ನೀರೇ ಒಳಗೆ ಬಂದಿಲ್ಲವಾದ್ದರಿಂದ ಹೊರಹೋಗುವ ಮಾತಿಲ್ಲ, ‘ಡಿ.ಇ.’ ಪಾಠವೇ ಗ್ರಾಹ್ಯ ಎಂಬ ನಿರ್ಣಯಕ್ಕೆ ಒಂದು ತಾಸು ಹಿಡಿಯಿತು.

ಮಾಸ್ತರರು ಆಕರಗ್ರಂಥ ಕೇಳಿದರು. ಮಷೀನಿನ ಜೊತೆ ಬಂದ ಪುಸ್ತಕ ಅಡುಗೆಮನೆಯ ಮಾಡಿನಲ್ಲಿ, ಅರಿಶಿನ ಡಬ್ಬಿಯ ಕೆಳಗೆ ಹಾಸಾಗಿ ಸಿಕ್ಕಿತು. ಬಾಗಿಲ ಪುಟದ ಮೇಲೆಯೇ ಡಬ್ಬಿಯ ದುಂಡು ಕಲೆ. ಅವರ ನಾಗಾವಿಯ ಘಟಿಕಾಸ್ಥಾನದಲ್ಲಿ 1058ರಷ್ಟು ಹಿಂದೆಯೇ ಪುಸ್ತಕ ನೋಡಿಕೊಳ್ಳಲು ಆರು ಮಂದಿ ಸರಸ್ವತೀ ಭಂಡಾರಿಗರಿದ್ದರೆಂದು ಶಾಸನ ಹೇಳುತ್ತದೆ. ಆ ತಾಲ್ಲೂಕಿನವರು ನಮ್ಮ ಮಾಡನ್ನು ನೋಡಿ ಮಾತಾಡದೆ ಚಪ್ಪಲಿ ಮೆಟ್ಟಿದರು.

ಚಿಂಚೋಳಿ ದರ್ಶನ

ಚಿಂಚೋಳಿಯ ಗೆಳೆಯನದು ವೈರಾಗ್ಯ ಮಾರ್ಗ. “ಪ್ಲಗ್ ತೆಗೀರಿ, ಹತ್ತು ನಿಮಿಷ ಬಿಟ್ಟುಬಿಡ್ರಿ, ತಾನೇ ಸರಿ ಹೋಗ್ತದ.” ಬೋರ್ಡಿನ ನೆನಪು ಗೊಂದಲಗೊಂಡಿದ್ದರೆ ಇದರಿಂದ ನಿಜಕ್ಕೂ ಸರಿಹೋಗುವುದುಂಟು. ಹತ್ತು ನಿಮಿಷ ಏನು ಮಾಡುವುದೆಂದು ಕೇಳಿದ್ದಕ್ಕೆ ಮರುದಿನ ಚಂದ್ರಂಪಳ್ಳಿ ಡ್ಯಾಮಿಗೆ ಕರೆದೊಯ್ದ. 2011ರಲ್ಲಿ ವನ್ಯಜೀವಿ ಧಾಮವೆಂದು ಘೋಷಿತವಾದ 134.88 ಚದರ ಕಿಲೋಮೀಟರ್ ಕಾಡಿನೊಳಗೆ, ಗುಡ್ಡಗಳ ನಡುವೆ ನೀರು ನಿಂತಿತ್ತು. ನೀರು ನಿಂತಿರುವುದು ಬಾಗಿಲು ಭದ್ರವಾಗಿರುವುದರಿಂದ ಎಂದು ಪ್ರಬಂಧಕಾರನು ಅಲ್ಲಿ ನೆನೆದು, ಮಂಡಾಳು ಮುಗಿಸಿ, ಸಂಜೆಗೆ ಮರಳಿದ. ಮಷೀನು ವಿಶ್ರಾಂತಿ ಪಡೆದಿತ್ತು. ಕೀಲಿ ಬೀಳಲಿಲ್ಲ. ಒಗೆಯಬೇಕಾದ ಅರಬಿಯ ರಾಶಿಗೆ ಕೆಂಪು ಮಣ್ಣಿನ ಮೂರು ಅಂಗಿ ಸೇರಿದವು.

ಸೇಡಂ ದರ್ಶನ, ಅಂದರೆ ಸಿದ್ಧಾಂತ

ನಮ್ಮ ಮನೆಯ ತಲಬಾಗಿಲು ಸಾಗವಾನಿಯದು, ಅಜ್ಜನ ಕಾಲದ್ದು. ಮಳೆಗಾಲಕ್ಕೆ ಉಬ್ಬಿ, ತನ್ನ ಭಾರಕ್ಕೆ ತಾನೇ ಜೋಲುತ್ತದೆ. ಹೊಸಬರು ಬಡಿದು ಬಡಿದು ಸೋಲುತ್ತಾರೆ. ಹಾಸಿಗೆಯಿಂದಲೇ ಅವ್ವ ದಿನಾಲು ರಾತ್ರಿ ಹೇಳುವ ಮಾತೊಂದಿದೆ: “ಎತ್ತಿ ಹಾಕ್ರಿ.”

ಮಂಗಳವಾರ ರಾತ್ರಿ ಅವ್ವ ಬಚ್ಚಲಿಗೆ ಹೋಗುವಾಗ ದಾರಿಗೆ ಅಡ್ಡ ನಿಂತ ಗಾಜಿನ ಬಾಗಿಲ ಕೆಳಗೆ ಎಡಗೈ ಕೊಟ್ಟಳು, ಒಂದು ಜೋಳದ ಕಾಳಿನಷ್ಟು ಎತ್ತಿದಳು, ಬಲಗೈಯಿಂದ ನೂಕಿದಳು. ಟಕ್. ಎರಡು ಉಸಿರಿನ ನಂತರ, ಟಿಕ್. ನೀರು ಸುರಿಯತೊಡಗಿತು.

ಭಾಷ್ಯ: ಬಿಜಾಗರಿಯ ಸ್ಕ್ರೂಗಳು ಸಡಿಲಾಗಿದ್ದವು. ಬಾಗಿಲು ಒಂದೆರಡು ಮಿಲಿಮೀಟರ್ ಕೆಳಗೆ ಜೋತು, ಕೊಂಡಿ ಸಂದಿನ ತುಟಿಗೆ ಬಡಿದು ಮರಳುತ್ತಿತ್ತು. ಕೀಲಿ ಒಲ್ಲೆ ಎಂದಿರಲಿಲ್ಲ. ಅದನ್ನು ಯಾರೂ ಮುಟ್ಟಿಯೇ ಇರಲಿಲ್ಲ. ಎತ್ತಿ ಹಾಕಿದಾಗ ಬಿದ್ದರೆ ದೋಷ ಬಿಜಾಗರಿಯದು, ಎತ್ತಿದರೂ ಬೀಳದಿದ್ದರೆ ಕೊಂಡಿಯದೋ ಡಬ್ಬಿಯದೋ ಎಂದು ಮುಂದಿನ ಜಿಜ್ಞಾಸುಗಳು ತಿಳಿಯಬೇಕು. ಮರುದಿನ ಪ್ಲಗ್ ಕಿತ್ತು, ಒಬ್ಬರು ಬಾಗಿಲು ಎತ್ತಿ ಹಿಡಿದು, ಇನ್ನೊಬ್ಬರು ಸ್ಕ್ರೂ ಬಿಗಿದರು. ಹತ್ತು ನಿಮಿಷದ ಕೆಲಸ.

ಸ್ಕ್ರೂ ಸಡಿಲಿಸಿದವರು ಯಾರು? ಏರುತಗ್ಗಾದ ಫರಸಿಯ ಮೇಲೆ ಕುಣಿಯುವ ಮಷೀನಿಗೆ ಒಂದು ಪಾಲು. ತೆರೆದ ಬಾಗಿಲ ಮೇಲೆ ಹಸಿ ಅರಬಿಯ ಬುಟ್ಟಿ ಇಡುತ್ತಿದ್ದ ಪ್ರಬಂಧಕಾರನಿಗೆ ಉಳಿದದ್ದು. ಶಹಾಬಾದಿನ ಬಳಿಯ ಮರ್ತೂರಿನವನೆಂದು ನಾವು ಹೆಮ್ಮೆಪಡುವ ವಿಜ್ಞಾನೇಶ್ವರನ ‘ಮಿತಾಕ್ಷರಾ’ದಂತೆ ಪಿತ್ರಾರ್ಜಿತದಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು. ಹೀಗಾಗಿ ನನ್ನ ತಪ್ಪಿನಲ್ಲಿ ಮಗನಿಗೂ ಅರ್ಧ ಹಂಚಲು ನೋಡಿದೆ. ಅವನು ಅಂದೇ ವಿಭಕ್ತನಾದ. ಮಿತಾಕ್ಷರವೆಂದರೆ ಅಳತೆಯ ಅಕ್ಷರ. ನಾವು ಐದು ಊರು ಸುತ್ತಿಸಿ ಬರೆದದ್ದನ್ನು ಅವ್ವ ನಾಲ್ಕಕ್ಷರದಲ್ಲಿ ಮುಗಿಸಿದ್ದಳು.

ಪರಿಶಿಷ್ಟ

ಒಗೆದು ಮುಗಿಯಿತು. ಬಚ್ಚಲ ಕಡೆಯಿಂದ ಹೊಸ ಮೂಲಪಾಠ ಹೊರಟಿತು: “ಏನ್ರಿ, ಬಾಗಲಾ ತೆರೀವಲ್ದು!” ಪ್ರಬಂಧಕಾರನು ಸಡ್ಡಕರಿಗೂ ಮಾವನವರಿಗೂ ಮಾಸ್ತರರಿಗೂ ಫೋನ್ ಹಚ್ಚಲು ಎದ್ದ.

“ಬಿಸಿ ಆಗ್ಯಾದ, ಆರಲಿ. ಚಹಾ ಕುಡೀರಿ” ಎಂದಳು ಅವ್ವ.

ಕುಡಿದೆವು. ತೆರೆಯಿತು.